ಕರೀರ: ಮಳೆಗೊಂದು ಹವಿಸ್ಸು, ಮೂಲವ್ಯಾಧಿಗೊಂದು ಮದ್ದು

ಕರೀರ ವರ್ಷದ ಬಹುಪಾಲು ಎಲೆಯಿಲ್ಲದೆ ನಿಲ್ಲುವ ಮುಳ್ಳುಪೊದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ಯಾಪರಿಸ್ ಡೆಸಿಡುವಾ ಎಂದು ಹೆಸರು. ಥಾರ್ ಮರುಭೂಮಿ, ಕಚ್ಛ್, ಸಿಂಧ್ ಮತ್ತು ಪಂಜಾಬಿನ ಒಣನೆಲ, ಯಮುನೆಯ ದಂಡೆಯ ವ್ರಜಭೂಮಿ ಇದರ ತವರು. ಪಶ್ಚಿಮದಲ್ಲಿ ಅರೇಬಿಯಾವನ್ನು ದಾಟಿ ಸಹಾರಾದ ಅಂಚಿನವರೆಗೆ ಇದು ಹಬ್ಬಿದೆ. ದಕ್ಷಿಣದಲ್ಲಿ ದಖ್ಖನ್ನಿನ ಒಣ ಬಯಲುಗಳಲ್ಲೂ ಅಲ್ಲಲ್ಲಿ ಸಿಗುತ್ತದೆ. ಮಾರವಾಡದವರು ಇದನ್ನು ಕೇರ್ ಎನ್ನುತ್ತಾರೆ, ವ್ರಜದವರು ಕರೀಲ್ ಎನ್ನುತ್ತಾರೆ. ಹೊಸ ಚಿಗುರಿನ ಮೇಲೆ ಮಾತ್ರ ಕಾಣಿಸುವ ಪುಟ್ಟ ಎಲೆಗಳು ಬೇಗನೆ ಉದುರಿಹೋಗುತ್ತವೆ. ಆಮೇಲೆ ಬಿಸಿಲಿನಿಂದ ಆಹಾರ ತಯಾರಿಸುವ ಎಲೆಯ ಕೆಲಸವನ್ನು ಹಸಿರು ಕೊಂಬೆಗಳೇ ವಹಿಸಿಕೊಳ್ಳುತ್ತವೆ. ಎಲೆಯಿಲ್ಲದ್ದರಿಂದ ನೀರು ಆವಿಯಾಗಿ ಹೋಗುವುದು ಕಡಿಮೆ, ಬೇರೋ ಬಹಳ ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ಸುತ್ತಲಿನ ಹುಲ್ಲು ಗಿಡಗಳೆಲ್ಲ ಒಣಗಿ ನಿಂತ ಬಿರುಬೇಸಿಗೆಯಲ್ಲಿ ಕರೀರ ಕೆಂಪಗೆ ಹೂ ಬಿಡುತ್ತದೆ. ಅದರ ಕಾಯಿ ಗುಂಡಗೆ, ಹಸಿರಾಗಿರುತ್ತದೆ, ಹಣ್ಣಾದಾಗ ಕೆಂಪಾಗುತ್ತದೆ.

ಭಾರತದ ಚಿಂತನೆಯಲ್ಲಿ ಈ ಪೊದೆಗೆ ಅದರ ಗಾತ್ರವನ್ನು ಮೀರಿದ ಸ್ಥಾನವಿದೆ. ಭರ್ತೃಹರಿಯ ನೀತಿಶತಕದಲ್ಲಿ ಇದು ವಿಧಿಯ ಉದಾಹರಣೆಯಾಗಿ ಬರುತ್ತದೆ: ವಸಂತ ಬಂದರೂ ಕರೀರ ಚಿಗುರದಿದ್ದರೆ ದೂರು ವಸಂತಕ್ಕೆ ತಟ್ಟದು ಎಂಬುದು ಅಲ್ಲಿನ ವಿಚಾರ. ಫಲ ಕಾಣದಿದ್ದಾಗ ತಪ್ಪು ಯಾರದು, ಕೊಟ್ಟವನದೋ ಪಡೆದವನದೋ ಎಂಬ ಪ್ರಶ್ನೆ ಆ ಉದಾಹರಣೆಯೊಳಗಿದೆ. ಅದೇ ಪ್ರಶ್ನೆ ಇದಕ್ಕಿಂತ ಬಿಗುವಾದ ರೂಪದಲ್ಲಿ ಕರೀರದ ಸುತ್ತ ಇನ್ನೆರಡು ಕಡೆ ಎದ್ದಿತು. ಒಂದು, ಇದರ ಹಣ್ಣನ್ನು ಹವಿಸ್ಸಾಗಿ ಕೊಟ್ಟು ಮಳೆ ಬೇಡುವ ವೈದಿಕ ಯಾಗದಲ್ಲಿ. ಇನ್ನೊಂದು, ಇದನ್ನು ಮದ್ದಾಗಿ ಕೊಡುವ ವೈದ್ಯಶಾಸ್ತ್ರದಲ್ಲಿ. ಮದ್ದು ಗುಣ ಕೊಡುವುದು ನಿಜವಾದರೆ ಯಾಗ ಮಳೆ ತರುವುದೂ ನಿಜವಾಗಬೇಕೇ? ನ್ಯಾಯದರ್ಶನದವರು ಹೌದು ಎಂದು ವಾದಿಸಿದರು. ಆ ವಾದ ಎಷ್ಟು ದೂರ ನಿಲ್ಲುತ್ತದೆ ಎಂಬುದೇ ಈ ಬರಹದ ವಿಷಯ.

ಮೊದಲು ಮದ್ದಿನ ಮಾತು. ಕರೀರದ ಹಸಿಕಾಯಿ ಕಹಿ ಮತ್ತು ಖಾರ. ಕೊಯ್ದು ಹಾಗೆಯೇ ತಿನ್ನಲಾಗದು. ರಾಜಸ್ಥಾನದ ಮನೆಗಳಲ್ಲಿ ಇದನ್ನು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಹಲವು ದಿನ ನೆನೆಹಾಕಿ, ಕಹಿ ಬಿಟ್ಟ ಮೇಲೆ ಉಪ್ಪಿನಕಾಯಿ ಹಾಕುತ್ತಾರೆ. ಒಣಗಿಸಿಟ್ಟ ಕಾಯಿಯನ್ನು ಬನ್ನಿಮರದ ಒಣಗಿದ ಎಳೆಗಾಯಿಗಳ ಜೊತೆ ಬೇಯಿಸಿದರೆ ಕೇರ್–ಸಾಂಗರಿ ಪಲ್ಯ. ಬರಗಾಲದಲ್ಲಿ ಜನರನ್ನು ಬದುಕಿಸಿದ ಆಹಾರ ಇದು. ಈಗ ಮದುವೆಯೂಟದ ವಿಶೇಷವೂ ಆಗಿದೆ. ಕಾಯಿಯ ಖಾರಕ್ಕೆ ಕಾರಣ ಸಾಸಿವೆಯ ಘಾಟಿಗೆ ಕಾರಣವಾದ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕಗಳ ಗುಂಪು. ಕರೀರದ ಕುಲವೂ ಸಾಸಿವೆಯ ಕುಲವೂ ಸಸ್ಯಲೋಕದಲ್ಲಿ ಹತ್ತಿರದ ದಾಯಾದಿಗಳು.

ಆಯುರ್ವೇದದ ಗ್ರಂಥಗಳಲ್ಲಿ ಭಾವಮಿಶ್ರನ ಭಾವಪ್ರಕಾಶ ಕರೀರವನ್ನು ಆಲ ಮೊದಲಾದ ಮರಗಳ ವರ್ಗದಲ್ಲಿ ಹೇಳುತ್ತದೆ. ಅದರ ಪ್ರಕಾರ ಕರೀರ ಖಾರ ಮತ್ತು ಕಹಿ ರುಚಿಯದು, ಉಷ್ಣವೀರ್ಯದ್ದು, ಬೆವರು ತರಿಸುವಂಥದು, ಮಲಬದ್ಧತೆಯನ್ನು ಒಡೆಯುವಂಥದು. ಕಫ ಮತ್ತು ವಾತವನ್ನು ತಗ್ಗಿಸಿ ಮೂಲವ್ಯಾಧಿ, ಬಾವು, ಹುಣ್ಣು, ಆಮ, ವಿಷಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಮರುಭೂಮಿಯ ಜನಪದ ವೈದ್ಯದಲ್ಲಿ ಎಳೆಯ ಚಿಗುರನ್ನು ಹಲ್ಲುನೋವಿಗೆ ಅಗಿಯುವುದುಂಟು, ಕುರುವಿಗೆ ಅರೆದು ಹಚ್ಚುವುದುಂಟು. ತೊಗಟೆಯ ಪುಡಿ ಕೀಲುನೋವಿಗೆ, ಕೆಮ್ಮು ದಮ್ಮಿಗೆ. ಇದೇ ಕುಲದ ಇನ್ನೊಂದು ಪೊದೆ, ಮೆಡಿಟರೇನಿಯನ್ನಿನಿಂದ ಹಿಮಾಲಯದ ಒಣ ಕಣಿವೆಗಳವರೆಗೆ ಬೆಳೆಯುವ ಕ್ಯಾಪರಿಸ್ ಸ್ಪೈನೋಸಾ. ಯುನಾನಿ ವೈದ್ಯರು ಅದನ್ನು ಕಬರ್ ಎಂದು ಕರೆದು ಅದರ ಬೇರಿನ ತೊಗಟೆಯನ್ನು ಪಿತ್ತಜನಕಾಂಗದ ಮತ್ತು ಗುಲ್ಮದ ತೊಂದರೆಗಳಿಗೆ ಕೊಡುತ್ತಾರೆ. ಹಿಂಸ್ರಾ ಎಂಬ ಹೆಸರಿನಲ್ಲಿ ಅದು 1955ರಲ್ಲಿ ಮಾರುಕಟ್ಟೆಗೆ ಬಂದ ಲಿವ್ 52 ಮಾತ್ರೆಯ ಮುಖ್ಯ ದ್ರವ್ಯಗಳಲ್ಲೊಂದು. ಹಾಗಾಗಿ ಕರ್ನಾಟಕದ ಔಷಧದ ಅಂಗಡಿಗಳಿಗೂ ಈ ಕುಲ ಹೊಸತಲ್ಲ.

ಈಗ ಯಾಗದ ಮಾತು. ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ಕಾರೀರೀ ಇಷ್ಟಿ ಬರುತ್ತದೆ. ಮಳೆ ಬೇಕೆನ್ನುವವನು ಮಾಡಬೇಕಾದ ಕಾಮ್ಯಕರ್ಮ ಅದು. ಯಜಮಾನ ಕಪ್ಪು ಬಟ್ಟೆ ಉಡುತ್ತಾನೆ. ಮಳೆಯ ರೂಪ ಕಪ್ಪು, ಆದ್ದರಿಂದ ತಾನೂ ಆ ರೂಪ ತಾಳಿದವನು ಮಳೆ ತರಿಸಬಲ್ಲ ಎಂಬುದು ಸಂಹಿತೆಯ ವಿವರಣೆ. ಕರೀರದ ಹಿಟ್ಟನ್ನು ಜೇನಿನಲ್ಲಿ ಕಲಸುತ್ತಾರೆ. ಜೇನು ನೀರಿನ ಮತ್ತು ಓಷಧಿಗಳ ರಸ, ಮಳೆ ಬರುವುದೂ ಅವುಗಳಿಂದಲೇ ಎಂಬುದು ಅದಕ್ಕೆ ಕಾರಣ. ಕಲಸಿದ್ದನ್ನು ಕೃಷ್ಣಾಜಿನದಲ್ಲಿ, ಅಂದರೆ ಕೃಷ್ಣಮೃಗದ ಚರ್ಮದಲ್ಲಿ, ಕಟ್ಟುತ್ತಾರೆ. ಕರೀರವೇ ಏಕೆ ಎಂಬುದಕ್ಕೆ ಒಂದು ಭೀಕರ ಕಥೆಯನ್ನೂ ಸಂಹಿತೆ ಹೇಳುತ್ತದೆ. ಯತಿಗಳನ್ನು ಮೃಗಗಳು ತಿನ್ನುತ್ತಿದ್ದಾಗ ಅವರ ತಲೆಗಳು ಬಿದ್ದು ಖರ್ಜೂರದ ಮರಗಳಾದವು, ಮೇಲಕ್ಕೆ ಚಿಮ್ಮಿದ ರಸ ಕರೀರವಾಯಿತು. ಹೀಗಾಗಿ ಕರೀರ ಸೋಮನಿಗೆ ಸಂಬಂಧಿಸಿದ್ದು, ಸೋಮದ ಆಹುತಿ ಆಕಾಶದಿಂದ ಮಳೆಯನ್ನು ಕದಲಿಸುತ್ತದೆ. ಮುಂದೆ ಅಗ್ನಿಗೆ, ಮರುತ್ತುಗಳಿಗೆ, ಸೂರ್ಯನಿಗೆ ಪುರೋಡಾಶಗಳೆಂಬ ಹಿಟ್ಟಿನ ಹವಿಸ್ಸುಗಳನ್ನು ಅರ್ಪಿಸುವಾಗ ಸಂಹಿತೆ ಕೊಡುವ ವಿವರಣೆ ಇನ್ನೂ ಗಮನಾರ್ಹ: ಅಗ್ನಿ ಇಲ್ಲಿಂದ ಮಳೆಯನ್ನು ಮೇಲಕ್ಕೆ ಎಬ್ಬಿಸುತ್ತಾನೆ, ಮರುತ್ತುಗಳು ಅದನ್ನು ಸಾಗಿಸುತ್ತಾರೆ, ಸೂರ್ಯ ಕಿರಣಗಳನ್ನು ಕೆಳಗೆ ತಿರುಗಿಸಿದಾಗ ಅದು ಸುರಿಯುತ್ತದೆ. ನೀರು ಕಾವಿಗೆ ಮೇಲೇರಿ, ಗಾಳಿಯಲ್ಲಿ ಸಾಗಿ, ಮತ್ತೆ ಇಳಿಯುತ್ತದೆಂಬ ನೋಟ ಇದರೊಳಗಿರುವುದನ್ನು ಕಾಣದಿರಲು ಸಾಧ್ಯವಿಲ್ಲ. ಈ ಸಂಹಿತೆಗೆ ಪ್ರಸಿದ್ಧವಾದ ಭಾಷ್ಯ ಬರೆದವರು ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರು.

ಸಂಹಿತೆಯ ಇದೇ ಕಾರೀರೀ ಪ್ರಕರಣದಲ್ಲಿ ಒಂದು ಸಣ್ಣ ವಿಧಿ ಇದೆ. ಯಾಗದ ನಡುವೆಯೇ ಮಳೆ ಬಂದರೆ ಅಷ್ಟಕ್ಕೇ ಹೋಮ ಸಾಕು. ಬಾರದಿದ್ದರೆ ಮರುದಿನ ಹವಿಸ್ಸನ್ನು ಸಿದ್ಧಪಡಿಸಬೇಕು. ಮಳೆ ಬಾರದೇ ಹೋಗುವ ಸಾಧ್ಯತೆಯನ್ನು ವಿಧಿಯೇ ಒಪ್ಪಿಕೊಂಡು ಅದಕ್ಕೊಂದು ದಾರಿ ಹಾಕಿಕೊಟ್ಟಿದೆ. ಕಾರೀರಿಯ ಬಗೆಗಿನ ಚರ್ಚೆಯಲ್ಲಿ ಈ ವಿಧಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮುಂದೆ ತಾರ್ಕಿಕರು ಕಟ್ಟಿದ ಸಮರ್ಥನೆಗಳಿಗಿಂತ ಇದು ಹೆಚ್ಚು ಸರಳ, ಹೆಚ್ಚು ಪ್ರಾಮಾಣಿಕ.

ಆದರೆ ಮರುದಿನವೂ ಮಳೆ ಬಾರದಿದ್ದರೆ? ವೇದವನ್ನು ಒಪ್ಪದವರು ಹಿಡಿದುಕೊಂಡದ್ದು ಇದನ್ನೇ. ವೇದವಾಕ್ಯದಲ್ಲಿ ಸುಳ್ಳು, ಪರಸ್ಪರ ವಿರೋಧ, ಪುನರುಕ್ತಿ ಎಂಬ ಮೂರು ದೋಷಗಳಿವೆ ಎಂಬ ಆಕ್ಷೇಪವನ್ನು ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯ ಪೂರ್ವಪಕ್ಷವಾಗಿ ಇಟ್ಟಿದೆ. ವಿಜಯನಗರದ ಕಾಲದ ಮಾಧವರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕರ ಬಾಯಲ್ಲಿ ಬರುವುದೂ ಇದೇ ಆಕ್ಷೇಪ. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಸುಳ್ಳಿಗೆ ಕೊಡುವ ಉದಾಹರಣೆ ಪುತ್ರಕಾಮೇಷ್ಟಿ: ಇಷ್ಟಿ ಮಾಡಿದರೂ ಮಗ ಹುಟ್ಟುವುದಿಲ್ಲ. ಕಣ್ಣಿಗೆ ಕಾಣುವ ಫಲದ ವಿಷಯದಲ್ಲೇ ಮಾತು ಸುಳ್ಳಾದರೆ, ಕಣ್ಣಿಗೆ ಕಾಣದ ಸ್ವರ್ಗದ ವಿಷಯದಲ್ಲಿ ಅದನ್ನು ನಂಬುವುದು ಹೇಗೆ? ಈ ಪ್ರಶ್ನೆಯ ಮೊನಚನ್ನು ನ್ಯಾಯದವರು ಮೊಂಡು ಮಾಡದೆ ಹಾಗೆಯೇ ಎದುರಿಟ್ಟುಕೊಂಡರು. ಎದುರಾಳಿಯ ಆಕ್ಷೇಪವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರಿಸುವ ಆ ಶಿಸ್ತು ಇಂದಿಗೂ ಮೆಚ್ಚತಕ್ಕದ್ದು.

ಅವರ ಉತ್ತರ ಹೀಗಿದೆ. ಫಲ ಬಾರದಿದ್ದರೆ ದೋಷ ವಿಧಿವಾಕ್ಯದ್ದಲ್ಲ. ಕರ್ಮ ನಡೆದ ರೀತಿಯಲ್ಲಿ, ಮಾಡಿದವನಲ್ಲಿ ಅಥವಾ ಬಳಸಿದ ಸಾಮಗ್ರಿಯಲ್ಲಿ ಕೊರತೆ ಇದ್ದಿರಬೇಕು. ಮಂತ್ರದ ಸ್ವರ ತಪ್ಪಿರಬಹುದು, ಋತ್ವಿಜ ಅಯೋಗ್ಯನಿರಬಹುದು, ಹವಿಸ್ಸು ಕೆಟ್ಟಿರಬಹುದು. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಇದಕ್ಕೆ ಇನ್ನೊಂದು ವಿವೇಚನೆ ಸೇರಿಸಿದರು. ಕೆಲವು ಕರ್ಮಗಳ ಫಲ ಪರಲೋಕದಲ್ಲೇ ಸಿಗತಕ್ಕದ್ದು. ಸ್ವರ್ಗಕ್ಕಾಗಿ ಮಾಡುವ ಜ್ಯೋತಿಷ್ಟೋಮ ಅಂಥದು. ಪಶುಗಳಿಗಾಗಿ ಮಾಡುವ ಚಿತ್ರಾ ಯಾಗದಂಥವುಗಳ ಫಲ ಈ ಜನ್ಮದಲ್ಲಿ ಬರಬಹುದು, ಮುಂದಿನದರಲ್ಲೂ ಬರಬಹುದು. ಕಾರೀರಿ ಮಾತ್ರ ಇಲ್ಲೇ, ಈಗಲೇ ಫಲಿಸಬೇಕು. ಪೈರು ಒಣಗುತ್ತಿದೆ ಎಂದು ಮಳೆ ಬೇಡುವವನಿಗೆ ಮುಂದಿನ ಜನ್ಮದ ಮಳೆಯಿಂದ ಉಪಯೋಗವಿಲ್ಲ. ಹೀಗೆ, ಪರೀಕ್ಷೆಗೆ ಸಿಗುವ ಕರ್ಮ ಇದು ಎಂದು ಮೀಮಾಂಸಕರೇ ಗೆರೆ ಎಳೆದು ತೋರಿಸಿದರು. ಹಾಗೆ ತೋರಿಸದೆ ಎಲ್ಲವನ್ನೂ ಮುಂದಿನ ಜನ್ಮಕ್ಕೆ ತಳ್ಳಬಹುದಿತ್ತು, ತಳ್ಳಲಿಲ್ಲ.

ಆದರೂ ಕಾರೀರಿ ಸಾಂಗವಾಗಿ ನಡೆದು ಮಳೆ ಬಾರದಿದ್ದರೆ ಹೇಳಲು ಅವರ ಬಳಿ ಇನ್ನೊಂದು ಮಾತಿತ್ತು: ಯಜಮಾನನ ಹಿಂದಿನ ಯಾವುದೋ ಪ್ರಬಲ ಕರ್ಮ ಫಲವನ್ನು ತಡೆದಿದೆ. ಈ ಪ್ರತಿಬಂಧಕ ಕಣ್ಣಿಗೆ ಕಾಣದು, ಫಲ ಬಾರದಿದ್ದುದನ್ನು ಬಿಟ್ಟರೆ ಅದಕ್ಕೆ ಬೇರೆ ಗುರುತಿಲ್ಲ. ವಾದದ ದುರ್ಬಲ ಕೀಲು ಇಲ್ಲಿದೆ. ಮಳೆ ಬಂದರೆ ವಾಕ್ಯ ಸತ್ಯ, ಬಾರದಿದ್ದರೆ ಅಡ್ಡಿ ಇತ್ತು ಎಂದಾದಾಗ, ಯಾವ ಸ್ಥಿತಿಯಲ್ಲಿ ವಾಕ್ಯ ಸುಳ್ಳಾಗುತ್ತಿತ್ತು ಎಂಬುದನ್ನು ಹೇಳಲು ಯಾರಿಗೂ ಆಗುವುದಿಲ್ಲ.

ಈ ಕೊರತೆಯನ್ನು ನ್ಯಾಯದವರೂ ಅರಿತಿದ್ದಿರಬೇಕು. ಆಕ್ಷೇಪವನ್ನು ಕಳೆದರೆ ಸಾಲದು, ವೇದ ಪ್ರಮಾಣವೆಂದು ನಂಬಲು ನೇರವಾದ ಕಾರಣವೂ ಬೇಕು. ಅದಕ್ಕಾಗಿ ಅವರು ಕೈಚಾಚಿದ್ದು ವೈದ್ಯದ ಕಡೆಗೆ. ಆಯುರ್ವೇದವೂ ವಿಷ ಇಳಿಸುವ ಮಂತ್ರಗಳೂ ಪ್ರಮಾಣವಾಗಿರುವಂತೆ ವೇದವೂ ಪ್ರಮಾಣ, ಏಕೆಂದರೆ ಎರಡನ್ನೂ ಹೇಳಿದವರು ಆಪ್ತರು ಎಂಬುದು ಗೌತಮನ ವಾದದ ಸಾರ. ವಾತ್ಸ್ಯಾಯನ ಅದನ್ನು ಬಿಡಿಸುತ್ತಾನೆ. ಇದನ್ನು ಮಾಡಿದರೆ ಒಳಿತು, ಇದನ್ನು ಬಿಟ್ಟರೆ ಕೆಡುಕು ತಪ್ಪುತ್ತದೆ ಎಂದು ಆಯುರ್ವೇದ ಹೇಳುತ್ತದೆ. ಅದರಂತೆ ನಡೆದವನಿಗೆ ಹೇಳಿದ ಹಾಗೆಯೇ ಆಗುತ್ತದೆ. ಹೇಳಿದವರು ಆಪ್ತರಾಗಿದ್ದುದೇ ಇದಕ್ಕೆ ಕಾರಣ. ವಿಷಯವನ್ನು ನೇರವಾಗಿ ಕಂಡಿರುವುದು, ಜೀವಿಗಳ ಮೇಲೆ ದಯೆ, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆ, ಇವು ಆಪ್ತನ ಲಕ್ಷಣಗಳು. ಅಂಥವರೇ ವೇದದ ದ್ರಷ್ಟಾರರೂ ಪ್ರವಕ್ತಾರರೂ ಆಗಿರುವುದರಿಂದ ಕಾಣದ ವಿಷಯದಲ್ಲೂ ಅವರ ಮಾತನ್ನು ನಂಬಬೇಕು. ಕರೀರದ ಭಾಷೆಯಲ್ಲಿ ಹೇಳುವುದಾದರೆ, ಮೂಲವ್ಯಾಧಿಗೆ ಕರೀರ ಒಳ್ಳೆಯದೆಂಬ ಮಾತು ನಿಜವಾಗಿರುವುದೇ ಕರೀರದ ಆಹುತಿ ಮಳೆ ತರುತ್ತದೆಂಬ ಮಾತಿಗೆ ಜಾಮೀನು.

ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಕಾಶ್ಮೀರದ ಶಂಕರವರ್ಮನ ಆಳ್ವಿಕೆಯಲ್ಲಿ ನ್ಯಾಯಮಂಜರಿಯನ್ನು ಬರೆದ ಜಯಂತಭಟ್ಟ ಈ ವಾದಕ್ಕೆ ಬರಬಹುದಾದ ದೊಡ್ಡ ಎದುರುಮಾತನ್ನು ತಾನೇ ಎತ್ತಿಕೊಂಡ. ಆಯುರ್ವೇದದ ಪ್ರಾಮಾಣ್ಯ ಆಪ್ತರಿಂದ ಬಂದದ್ದೆಂದು ಏಕೆ ಹೇಳಬೇಕು? ಮದ್ದು ಕೊಟ್ಟಾಗ ಗುಣವಾಯಿತು, ಕೊಡದಿದ್ದಾಗ ಆಗಲಿಲ್ಲ ಎಂಬ ಅನ್ವಯ–ವ್ಯತಿರೇಕಗಳಿಂದ ಮನುಷ್ಯರೇ ಕಂಡುಕೊಂಡರೆಂದರೆ ಸಾಲದೇ? ಸಾಲದು ಎಂದು ಅವನ ಉತ್ತರ. ದ್ರವ್ಯಗಳು ಅಸಂಖ್ಯ, ಅವುಗಳ ಕೂಡಿಕೆಗಳು ಅಸಂಖ್ಯ. ದೇಶ, ಕಾಲ, ವ್ಯಕ್ತಿಯ ಪ್ರಕೃತಿ ಬದಲಾದಂತೆ ಪರಿಣಾಮವೂ ಬದಲಾಗುತ್ತದೆ. ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿ ತಿಳಿಯಲು ಮನುಷ್ಯನೊಬ್ಬನಿಗೆ ಎಷ್ಟು ಜನ್ಮವಾದರೂ ಸಾಲದು. ಚರಕನಂಥವರು ಅಸಾಧಾರಣ ದೃಷ್ಟಿಯಿಂದ ಅದನ್ನು ನೇರವಾಗಿ ಕಂಡರೆಂದೇ ಒಪ್ಪಬೇಕು. ಯಾಗಗಳ ಫಲವನ್ನು ಸಾಧಿಸಲು ಅವನು ತನ್ನ ಮನೆತನದ ಒಂದು ಸಂಗತಿಯನ್ನೂ ಹೇಳುತ್ತಾನೆ. ಅವನ ಅಜ್ಜ ಊರೊಂದನ್ನು ಬಯಸಿ ಸಾಂಗ್ರಹಣೀ ಇಷ್ಟಿಯನ್ನು ಮಾಡಿದ. ಇಷ್ಟಿ ಮುಗಿದ ಬೆನ್ನಿಗೇ ಅವನಿಗೆ ಗೌರಮೂಲಕವೆಂಬ ಗ್ರಾಮ ದೊರೆಯಿತು.

ಜಯಂತನ ವಾದದ ಬಲವಿರುವುದು ವೈದ್ಯಜ್ಞಾನದ ಅಗಾಧತೆಯನ್ನು ಅವನು ಸರಿಯಾಗಿ ಅಳೆದಿರುವುದರಲ್ಲಿ. ಎಡವಿದ್ದು ಒಬ್ಬನನ್ನೇ ಎದುರಿಗೆ ನಿಲ್ಲಿಸಿಕೊಂಡದ್ದರಲ್ಲಿ. ಕರೀರದ ಕಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿದರೆ ತಿನ್ನಬಹುದು, ಎಷ್ಟು ದಿನ ನೆನೆಸಬೇಕು, ಯಾವ ಹದದಲ್ಲಿ ಕೊಯ್ಯಬೇಕು ಎಂಬುದನ್ನು ಒಬ್ಬ ಋಷಿ ಒಂದು ಗಳಿಗೆಯಲ್ಲಿ ಕಾಣಬೇಕಾಗಿರಲಿಲ್ಲ. ಮರುಭೂಮಿಯಲ್ಲಿ ಆಡು ಕುರಿ ಮೇಯಿಸಿದವರು, ಬರಗಾಲದಲ್ಲಿ ಮಕ್ಕಳ ಹೊಟ್ಟೆ ತುಂಬಿಸಬೇಕಾಗಿದ್ದ ಹೆಂಗಸರು ತಲೆಮಾರುಗಳ ಉದ್ದಕ್ಕೂ ತಪ್ಪಿ, ತಿದ್ದಿಕೊಂಡು, ಮುಂದಿನವರಿಗೆ ಹೇಳಿ ಅದನ್ನು ಕೂಡಿಸಿದರು. ಆಡು ಕಾಯುವವರೂ ಕಾಡಿನಲ್ಲಿ ತಿರುಗುವವರೂ ಸಸ್ಯಗಳ ಹೆಸರು ರೂಪಗಳನ್ನು ಬಲ್ಲರೆಂದು ಚರಕಸಂಹಿತೆಯೇ ಅವರನ್ನು ನೆನೆಯುತ್ತದೆ. ಗೌರಮೂಲಕದ ಸಂಗತಿಯೂ ಅಷ್ಟೆ. ಇಷ್ಟಿಯ ನಂತರ ಊರು ಸಿಕ್ಕಿತು ಎಂಬುದು ಅನ್ವಯ ಮಾತ್ರ. ಇಷ್ಟಿ ಮಾಡದೆ ಊರು ಪಡೆದವರು, ಮಾಡಿಯೂ ಪಡೆಯದವರು ಎಷ್ಟು ಜನ ಎಂಬ ಲೆಕ್ಕವಿಲ್ಲದೆ ಕಾರ್ಯಕಾರಣ ಸಂಬಂಧ ಸಿದ್ಧವಾಗದು. ಅನ್ವಯದ ಜೊತೆ ವ್ಯತಿರೇಕವೂ ಬೇಕೆಂದು ಜಗತ್ತಿಗೆ ಕಲಿಸಿದ ದರ್ಶನದ ಒಳಗಿನಿಂದಲೇ ಎತ್ತಬಹುದಾದ ಆಕ್ಷೇಪ ಇದು.

ಕಂಡದ್ದನ್ನು ತೋರಿಸಿ ಕಾಣದ್ದನ್ನು ನಂಬಿಸುವ ಈ ಕ್ರಮ ಭಾರತದ್ದು ಮಾತ್ರ ಅಲ್ಲ. ವಿಚಿತ್ರವೆಂದರೆ ಯೆಹೂದಿಗಳ ತಾಲ್ಮೂಡಿನಲ್ಲಿ ಇದೇ ಕ್ರಮ ಇದೇ ಕುಲದ ಗಿಡವನ್ನು ಸಾಕ್ಷಿಗೆ ಕರೆದಿದೆ. ಮುಂದೊಂದು ಕಾಲದಲ್ಲಿ ಮರಗಳು ದಿನವೂ ಫಲ ಕೊಡುತ್ತವೆ ಎಂದು ರಬ್ಬಾನ್ ಗಮಲಿಯೇಲ್ ಬೋಧಿಸಿದಾಗ ಶಿಷ್ಯನೊಬ್ಬ ನಕ್ಕನೆಂದು ಶಬ್ಬಾತ್ ಎಂಬ ಭಾಗ ಹೇಳುತ್ತದೆ. ಗುರು ಅವನನ್ನು ಹೊರಗೆ ಕರೆದೊಯ್ದು ಕ್ಯಾಪರ್ ಪೊದೆಯನ್ನು ತೋರಿಸಿದ. ಜೆರುಸಲೇಮಿನ ಪಶ್ಚಿಮದ ಗೋಡೆಯ ಕಲ್ಲುಸಂದುಗಳಲ್ಲೂ ಬೆಳೆಯುವ ಆ ಗಿಡ ಬೇಸಿಗೆಯುದ್ದಕ್ಕೂ ಮೊಗ್ಗು, ಹೂ, ಕಾಯಿಗಳನ್ನು ಒಟ್ಟೊಟ್ಟಿಗೆ ಬಿಡುತ್ತಿರುತ್ತದೆ. ಇಂದೇ ಇಂಥದು ಇರುವಾಗ ನಾಳೆ ಏಕಾಗಬಾರದು ಎಂಬುದು ಗುರುವಿನ ಆಶಯ. ಶಿಷ್ಯನ ನಗೆಗೆ ಅದು ತಕ್ಕ ಉತ್ತರ: ಅಸಾಧ್ಯ ಎಂದವನಿಗೆ ಸಾಧ್ಯ ಎಂದು ತೋರಿಸಿದಂತಾಯಿತು. ಸಾಧ್ಯ ಎಂಬುದರಿಂದ ಆಗಿಯೇ ತೀರುತ್ತದೆ ಎಂಬಲ್ಲಿಗೆ ಹೋಗಲು ಮತ್ತೊಂದು ಹೆಜ್ಜೆ ಬೇಕು. ಗೌತಮನ ವಾದಕ್ಕೂ ಬೇಕಾಗಿರುವುದು ಅಂಥದೇ ಹೆಜ್ಜೆ.

ಆ ಹೆಜ್ಜೆ ಸಿಗುವುದಿಲ್ಲ ಎಂದು ಖಚಿತವಾಗಿ ತೋರಿಸಿದವನು ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ. ಒಂದು ಅಗುಳು ಹಿಸುಕಿ ನೋಡಿ ಅನ್ನ ಬೆಂದಿದೆ ಎನ್ನುವುದು ಎಲ್ಲ ಅಡುಗೆಮನೆಗಳ ರೂಢಿ. ಧರ್ಮಕೀರ್ತಿ ಪ್ರಮಾಣವಾರ್ತಿಕದಲ್ಲಿ ಈ ಅನುಮಾನವನ್ನೇ ಕೈಗೆತ್ತಿಕೊಂಡು, ಒಂದೇ ಪಾತ್ರೆಯಲ್ಲಿದ್ದ ಮಾತ್ರಕ್ಕೆ ಉಳಿದ ಅಗುಳೂ ಬೆಂದಿರಲೇಬೇಕೆಂಬ ನಿಯಮವಿಲ್ಲ ಎಂದ. ಬೇಯುವುದಕ್ಕೆ ಕಾರಣ ಕಾವು. ಪಾತ್ರೆ ಒಂದೇ ಆಗಿರುವುದು ಕಾರಣವಲ್ಲ. ಒಂದು ಶಾಸ್ತ್ರದ ಒಂದು ಮಾತು ಸರಿಯಾಗಿದ್ದರೆ ಉಳಿದ ಮಾತೂ ಸರಿ ಎನ್ನುವುದಕ್ಕೂ ಇದೇ ತೊಡಕು. ಇದನ್ನು ಅವನು ವೇದಕ್ಕೆ ಮಾತ್ರ ಅನ್ವಯಿಸಿ ತನ್ನವರನ್ನು ಬಿಟ್ಟುಬಿಡಲಿಲ್ಲ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ನಿಲುಕದ ವಿಷಯದಲ್ಲಿ ಆಗಮವನ್ನು ಹಿಡಿಯುವುದು ಬೇರೆ ಗತಿಯಿಲ್ಲದ್ದರಿಂದ, ಅದು ನಿರ್ದೋಷವಾದ ಅನುಮಾನವಲ್ಲ ಎಂದು ತನ್ನ ಪಂಥದ ಆಗಮವನ್ನೂ ಸೇರಿಸಿಯೇ ಒಪ್ಪಿಕೊಂಡ. ಈ ವಾದದ ಇತಿಹಾಸದಲ್ಲಿ ಇದಕ್ಕಿಂತ ನೇರವಾದ ಮಾತು ಮತ್ತೊಂದಿಲ್ಲ.

ಹಾಗಾದರೆ ವೈದ್ಯವನ್ನೂ ಯಾಗವನ್ನೂ ಬೇರ್ಪಡಿಸುವ ಗೆರೆ ಯಾವುದು? ಅದನ್ನು ವೈದ್ಯಗ್ರಂಥದೊಳಗೇ ಹುಡುಕಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಮೈತ್ರೇಯ ಮತ್ತು ಗುರು ಆತ್ರೇಯರ ನಡುವೆ ಒಂದು ಚರ್ಚೆ ನಡೆಯುತ್ತದೆ. ಚಿಕಿತ್ಸೆಗೆ ವೈದ್ಯ, ಔಷಧ, ಆರೈಕೆ ಮಾಡುವವನು, ರೋಗಿ ಎಂಬ ನಾಲ್ಕು ಪಾದಗಳು. ನಾಲ್ಕೂ ಸರಿಯಾಗಿದ್ದಾಗ ಗುಣವಾಗುತ್ತದೆಂಬುದು ಆತ್ರೇಯರ ಮಾತು. ಮೈತ್ರೇಯ ಒಪ್ಪುವುದಿಲ್ಲ. ನಾಲ್ಕೂ ಇದ್ದು ಸಾಯುವವರನ್ನು ಕಾಣುತ್ತೇವೆ, ಏನೂ ಇಲ್ಲದೆ ಬದುಕುವವರನ್ನೂ ಕಾಣುತ್ತೇವೆ. ಆದ್ದರಿಂದ ಚಿಕಿತ್ಸೆ ಮಾಡುವುದೂ ಮಾಡದಿರುವುದೂ ಒಂದೇ ಎನ್ನುತ್ತಾನೆ. ಪುತ್ರಕಾಮೇಷ್ಟಿಯ ವಿರುದ್ಧ ಎದ್ದ ಆಕ್ಷೇಪದ ಅಚ್ಚಿನಲ್ಲೇ ಇದೂ ಇದೆ.

ಆತ್ರೇಯರು ಕೊಟ್ಟ ಉತ್ತರ ಮಾತ್ರ ಬೇರೆ ಬಗೆಯದು. ಚಿಕಿತ್ಸೆಯಿಲ್ಲದೆ ಗುಣವಾಗುವ ರೋಗವೂ ಚಿಕಿತ್ಸೆಯಿಂದ ಬೇಗ ಮತ್ತು ಪೂರ್ತಿಯಾಗಿ ಗುಣವಾಗುತ್ತದೆ. ನಾಲ್ಕು ಪಾದಗಳಿದ್ದೂ ಸಾಯುವವರ ರೋಗ ಚಿಕಿತ್ಸೆಗೆ ಒಗ್ಗುವಂಥದೇ ಅಲ್ಲ. ಎಲ್ಲ ರೋಗಗಳಿಗೂ ಮದ್ದಿದೆ ಎಂದು ವೈದ್ಯ ಹೇಳಲೇ ಇಲ್ಲ. ಸುಲಭವಾಗಿ ಗುಣವಾಗುವುದು, ಕಷ್ಟದಿಂದ ಗುಣವಾಗುವುದು, ಹತೋಟಿಯಲ್ಲಿಡಬಹುದಾದದ್ದು, ಕೈಬಿಡಬೇಕಾದದ್ದು ಎಂದು ರೋಗಗಳನ್ನು ವಿಂಗಡಿಸಿ, ಪ್ರತಿಯೊಂದರ ಲಕ್ಷಣವನ್ನು ಚಿಕಿತ್ಸೆಗೆ ಕೈಹಾಕುವ ಮೊದಲೇ ಗುರುತಿಸಬೇಕು. ಅಸಾಧ್ಯವಾದುದನ್ನು ಕೈಗೆತ್ತಿಕೊಂಡ ವೈದ್ಯ ಹಣವನ್ನೂ ಕೀರ್ತಿಯನ್ನೂ ಕಳೆದುಕೊಳ್ಳುತ್ತಾನೆ. ಅದೇ ಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ಆತ್ರೇಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಯುಸ್ಸೆಲ್ಲ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕಾಗಲಿ ಮಂತ್ರಕ್ಕಾಗಲಿ ಕೆಲಸವೇ ಇರುತ್ತಿರಲಿಲ್ಲ ಎಂದು ಶಿಷ್ಯ ಅಗ್ನಿವೇಶನಿಗೆ ಹೇಳುತ್ತಾರೆ.

ವ್ಯತ್ಯಾಸ ಇಲ್ಲಿದೆ. ಕಾರೀರಿಯ ಸಮರ್ಥಕ ಪ್ರತಿಬಂಧಕವನ್ನು ಕಾಣುವುದು ಮಳೆ ತಪ್ಪಿದ ಮೇಲೆ. ವೈದ್ಯ ತನ್ನ ಮದ್ದಿನ ಮಿತಿಯನ್ನು ಹೇಳಬೇಕಾದದ್ದು ಮದ್ದು ಕೊಡುವ ಮೊದಲು. ಕರೀರವನ್ನೇ ತೆಗೆದುಕೊಳ್ಳಬಹುದು. ಅದು ಉಷ್ಣ, ಕಫ–ವಾತಗಳನ್ನು ತಗ್ಗಿಸುವಂಥದು ಎಂದು ಹೇಳಿದೊಡನೆ ಅದು ಎಲ್ಲಿ ಸಲ್ಲದು ಎಂಬುದೂ ಹೇಳಿದಂತಾಯಿತು. ಕಫ–ವಾತದಿಂದ ಬಂದ ಒಣ ಮೂಲವ್ಯಾಧಿಗೆ ಅದು ತಕ್ಕದ್ದು. ರಕ್ತ–ಪಿತ್ತಗಳಿಂದ ಕೆರಳಿ ರಕ್ತ ಸೋರುವ ಮೂಲವ್ಯಾಧಿಗೆ ಉಷ್ಣದ ಮದ್ದು ತಕ್ಕದ್ದಲ್ಲ. ದೋಷಗಳ ಸಿದ್ಧಾಂತವನ್ನು ಒಬ್ಬರು ಒಪ್ಪಲಿ ಬಿಡಲಿ, ಮಾತಿನ ರಚನೆ ಮಾತ್ರ ಪರೀಕ್ಷೆಗೆ ತೆರೆದಿದೆ. ಇಂಥ ರೋಗಿಗೆ ಗುಣವಾಗಬೇಕು, ಇಂಥವನಿಗೆ ಆಗಬಾರದು ಎಂದು ಮೊದಲೇ ಬರೆದಿಟ್ಟದ್ದನ್ನು ಆಮೇಲೆ ತಾಳೆ ನೋಡಬಹುದು. ಆಯುರ್ವೇದವೂ ಕೆಲವೊಮ್ಮೆ ಪೂರ್ವಕರ್ಮದ ಮೊರೆ ಹೋಗುತ್ತದೆ, ಕರ್ಮದಿಂದ ಹುಟ್ಟಿದ ರೋಗಗಳೆಂದು ಕೆಲವನ್ನು ಹೆಸರಿಸುತ್ತದೆ. ಹಾಗೆ ಮಾಡಿದ ಕಡೆಗಳಲ್ಲಿ ಅದೂ ಕಾರೀರಿಯ ಸಮರ್ಥಕನ ಜಾಗದಲ್ಲೇ ನಿಲ್ಲುತ್ತದೆ. ಅದರ ಹೆಚ್ಚಿನ ಭಾಗ ಹಾಗಿಲ್ಲ ಎಂಬುದರಿಂದಲೇ ಗೌತಮ ಅದನ್ನು ಜಾಮೀನಿಗೆ ಕರೆದದ್ದು. ಆದರೆ ಪರೀಕ್ಷೆಗೆ ಒಡ್ಡಿಕೊಂಡು ಗಳಿಸಿದ ನಂಬಿಕೆಯನ್ನು, ಪರೀಕ್ಷೆಗೆ ಒಡ್ಡಿಕೊಳ್ಳದ ಮಾತಿಗೆ ಸಾಲವಾಗಿ ಕೊಡಲು ಬರುವುದಿಲ್ಲ. ನ್ಯಾಯದ ವಾದ ನಿಲ್ಲುವುದು ಅಲ್ಲಿಯವರೆಗೆ ಮಾತ್ರ.

ಇದರಿಂದ ಆಚರಣೆಗಳೆಲ್ಲ ನಿರರ್ಥಕವೆಂದು ತೀರ್ಮಾನಿಸಬೇಕಾಗಿಲ್ಲ. ಈ ಕುಲದ ಮತ್ತೊಂದು ಬಳ್ಳಿಯಂಥ ಪೊದೆ ಕ್ಯಾಪರಿಸ್ ಜೆಲಾನಿಕಾ. ಮಹಾರಾಷ್ಟ್ರದಲ್ಲಿ ಅದನ್ನು ವಾಘಾಟಿ ಅಥವಾ ಗೋವಿಂದಫಳ ಎನ್ನುತ್ತಾರೆ. ಆಷಾಢ ಏಕಾದಶಿಯ ಉಪವಾಸವನ್ನು ದ್ವಾದಶಿಯಂದು ಬಿಡುವಾಗ ಅದರ ಕಾಯಿಯ ಪಲ್ಯ ಮಾಡುವ ರೂಢಿ ಅಲ್ಲಿದೆ. ಪಂಢರಪುರದ ವಿಠ್ಠಲನ ಭಕ್ತರಿಗೆ ಆ ಏಕಾದಶಿ ವರ್ಷದ ದೊಡ್ಡ ದಿನ. ಆ ಊಟ ಏನನ್ನೂ ತರಿಸುತ್ತೇನೆಂದು ಮಾತು ಕೊಡುವುದಿಲ್ಲ, ಹಾಗಾಗಿ ಅದು ಸುಳ್ಳಾಗುವ ಪ್ರಶ್ನೆಯೂ ಏಳುವುದಿಲ್ಲ. ವ್ರಜದ ಕೃಷ್ಣಭಕ್ತರಿಗೂ ಕರೀಲ್ ಪೊದೆಗಳ ನಡುವೆ ಇರುವುದೇ ಒಂದು ಭಾಗ್ಯ. ಅದರಿಂದ ಬೇರೊಂದು ಲಾಭವನ್ನು ಅವರು ಎಣಿಸುವುದಿಲ್ಲ. ಪ್ರಮಾಣದ ಪ್ರಶ್ನೆ ಹುಟ್ಟುವುದು ಇದನ್ನು ಮಾಡಿದರೆ ಅದು ಆಗುತ್ತದೆ ಎಂಬ ಮಾತಿನ ಜೊತೆಗೆ.

ಆ ಮಾತು ಇಂದಿಗೂ ಹಳತಾಗಿಲ್ಲ. 2019ರಲ್ಲಿ ಕರ್ನಾಟಕದ ಮುಜರಾಯಿ ಇಲಾಖೆ ಮಳೆಗಾಗಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ನಡೆಸಲು ಸೂಚಿಸಿತು. ಅದೇ ರಾಜ್ಯ 2003ರಲ್ಲಿ ವರುಣ ಎಂಬ ಹೆಸರಿನಲ್ಲಿ, 2017ರಲ್ಲಿ ವರ್ಷಧಾರೆ ಎಂಬ ಹೆಸರಿನಲ್ಲಿ ವಿಮಾನಗಳಿಂದ ಮೋಡ ಬಿತ್ತನೆ ಮಾಡಿಸಿತ್ತು. ಮುಂಗಾರಿನ ದಿನಗಳಲ್ಲಿ ಜಪದ ನಂತರವೂ ಮಳೆ ಬರಬಹುದು, ಬಿತ್ತನೆಯ ನಂತರವೂ ಬರಬಹುದು, ಎರಡೂ ಇಲ್ಲದೆಯೂ ಬರಬಹುದು. ಹಾಗಾಗಿ ಬಿತ್ತಿದ ಮೇಲೆ ಮಳೆ ಬಂತು ಎಂಬ ಅಧಿಕಾರಿಯ ಮಾತು ತರ್ಕದ ದೃಷ್ಟಿಯಿಂದ ಗೌರಮೂಲಕದ ಕಥೆಗಿಂತ ಮೇಲಲ್ಲ. ಇದನ್ನು ಅರಿತೇ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೊಲ್ಲಾಪುರದ ಸುತ್ತ ನಡೆಸಿದ ಪ್ರಯೋಗದಲ್ಲಿ, ಬಿತ್ತನೆಗೆ ಯೋಗ್ಯವೆಂದು ಕಂಡ ಮೋಡಗಳಲ್ಲಿ ಕೆಲವನ್ನು ಮಾತ್ರ ಚೀಟಿ ಎತ್ತಿದಂತೆ ಆರಿಸಿ ಬಿತ್ತಿದರು, ಉಳಿದವನ್ನು ಹಾಗೆಯೇ ಬಿಟ್ಟು ಎರಡನ್ನೂ ಹೋಲಿಸಿದರು. ಹಾಗೆ ಬಿಟ್ಟ ಮೋಡಗಳೇ ವ್ಯತಿರೇಕ. ವಿಮಾನ ಬಂದ ಮಾತ್ರಕ್ಕೆ ಅದು ವಿಜ್ಞಾನವಾಗಲಿಲ್ಲ. ಹೋಲಿಸಲು ಕೆಲವನ್ನು ಮುಟ್ಟದೆ ಬಿಟ್ಟದ್ದರಿಂದ ಆಯಿತು.

ಕರೀರದ ಮದ್ದಿಗೂ ಇದೇ ಅಳತೆ ಸಲ್ಲಬೇಕು. ಅದರ ಬೇರು, ತೊಗಟೆ, ಕಾಯಿಗಳಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದ್ದಾರೆ. ಬಾವು ಇಳಿಸುವ ಗುಣ, ರಕ್ತದ ಸಕ್ಕರೆ ತಗ್ಗಿಸುವ ಗುಣಗಳನ್ನು ಇಲಿಗಳ ಮೇಲೆ ಮತ್ತು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಹಾಗೆಯೇ ಆಗಬೇಕೆಂಬ ನಿಯಮವಿಲ್ಲ. ಧರ್ಮಕೀರ್ತಿಯ ಅಗುಳಿನ ಮಾತು ಇಲ್ಲೂ ಅನ್ವಯಿಸುತ್ತದೆ. ಗ್ರಂಥದಲ್ಲಿದೆ ಎಂಬುದೂ ಅಜ್ಜಿ ಕೊಡುತ್ತಿದ್ದಳು ಎಂಬುದೂ ಪರೀಕ್ಷೆಯನ್ನು ಆರಂಭಿಸಲು ಒಳ್ಳೆಯ ಕಾರಣಗಳು, ಪರೀಕ್ಷೆಯನ್ನು ಬಿಟ್ಟುಬಿಡಲು ಕಾರಣಗಳಲ್ಲ. ಉಪ್ಪಿನಕಾಯಿಯಾಗಿ, ಪಲ್ಯವಾಗಿ ಕರೀರ ನೂರಾರು ವರ್ಷಗಳಿಂದ ಜನರ ಊಟದಲ್ಲಿದೆ, ಅದನ್ನು ಉಣ್ಣಲು ಅಂಜಬೇಕಾಗಿಲ್ಲ. ಮದ್ದಾಗಿ ತೆಗೆದುಕೊಳ್ಳುವ ಮಾತು ಬೇರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಕರೀರದ ಪುಡಿಯನ್ನು ನಂಬಿ ಆ ಮಾತ್ರೆಯನ್ನು ನಿಲ್ಲಿಸಬಾರದು. ರಕ್ತ ಹೋಗುತ್ತಿರುವುದನ್ನು ಮೂಲವ್ಯಾಧಿಯೆಂದುಕೊಂಡವರು ಯಾವ ಮನೆಮದ್ದಿಗೂ ಮೊದಲು ವೈದ್ಯರಿಗೆ ತೋರಿಸಿ, ರಕ್ತ ಎಲ್ಲಿಂದ ಬರುತ್ತಿದೆ ಎಂದು ತಿಳಿದುಕೊಳ್ಳಬೇಕು.